ತಲೆಯ ಮೇಲಿನ ಕೈ

ಅಪ್ಪ ಮಿಷನರಿ. ದೇವರ ಕರೆ ಬರುವುದು ಅವರಿಗೆ, ಗಂಟುಮೂಟೆ ಕಟ್ಟುವ ಕರ್ಮ ಅಮ್ಮನಿಗೆ, ಹೊಸ ಶಾಲೆಯಲ್ಲಿ ಪಿಳಿಪಿಳಿ ಕಣ್ಣು ಬಿಡುವುದು ನನಗೆ. ಈ ಸಲವೂ ಅಮ್ಮ ತನ್ನ ಹೊಲಿಗೆ ತರಗತಿ ಮುಗಿಸಿ ಬಂದು ಅಪ್ಪನ ಪೆಟ್ಟಿಗೆ ತುಂಬಿದಳು. ನಮ್ಮಿಬ್ಬರದು ಎಲ್ಲಿ ಎಂದು ಅಪ್ಪ ಕೇಳಲೇ ಇಲ್ಲ.

ನಮ್ಮ ಚರ್ಚಿನ ಸಭೆಯ ಬೀಳ್ಕೊಡುಗೆಯಲ್ಲಿ ಹೊರಡುವವರು ಮಂಡಿಯೂರುತ್ತಾರೆ, ಉಳಿಯುವವರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ನಾನು ಅಪ್ಪನ ಪಕ್ಕ ಮಂಡಿಯೂರಿ ಕಣ್ಣು ಮುಚ್ಚಿದೆ. ಯಾರೋ ರಟ್ಟೆ ಹಿಡಿದು ಎಬ್ಬಿಸಿದರು. ಕಣ್ಣು ಬಿಟ್ಟರೆ ಅಮ್ಮ! ಅವಳ ಇನ್ನೊಂದು ಕೈ ಅಪ್ಪನ ತಲೆಯ ಮೇಲಿತ್ತು.

ಅಪ್ಪ ತಲೆಯೆತ್ತಿ ನೋಡಿ ಬಿಳಿಚಿಕೊಂಡರು. "ಏನೇ ಇದು? ಎಲ್ರೂ ನೋಡ್ತಿದಾರೆ, ಮಂಡಿಯೂರು."

"ಕಣ್ಣು ಮುಚ್ಕೊಳ್ಳಿ," ಎಂದಳು ಅಮ್ಮ. "ಪ್ರಾರ್ಥನೆ ಇನ್ನೂ ಮುಗಿದಿಲ್ಲ."