ಎರಡನೇ ಪ್ರತಿ ಇಲ್ಲದ ಹಾಳೆ

ಜೇವರ್ಗಿಯ ಒಂದು ಗ್ರಂಥಾಲಯ ಟ್ರಸ್ಟಿನಲ್ಲಿ ಮಸರತ ಹನ್ನೊಂದು ವರ್ಷದಿಂದ ಹಳೇ ದಫ್ತರುಗಳನ್ನು ಕಾಯುತ್ತಿದ್ದಳು. ಆಳಂದ, ಅಫಜಲಪುರದ ಹಳ್ಳಿಗಳಿಂದ ಬಂದ ನಿಜಾಮರ ಕಾಲದ ಕಾಗದಗಳು; ಮುಟ್ಟಿದರೆ ಹಪ್ಪಳದಂತೆ ಮುರಿಯುವಂಥವು. ಅವನ್ನು ಕಂಪ್ಯೂಟರಿಗೆ ಏರಿಸಲು ಟ್ರಸ್ಟು ನಿರ್ಧರಿಸಿದಾಗ, ಹಾಳೆಗಳ ಚಿತ್ರ ತೆಗೆಯುವ ಯಂತ್ರ ಹೇಗಿರಬೇಕೆಂದು ಅವಳೇ ನಾಲ್ಕು ಪುಟ ಬರೆದುಕೊಟ್ಟಿದ್ದಳು. ಗುತ್ತಿಗೆ ಕೇಳಿದವರಲ್ಲಿ ಕೊನೆಗೆ ಎರಡು ಕಂಪನಿಗಳು ಉಳಿದಿದ್ದವು. ಇವತ್ತು ಎರಡೂ ತಮ್ಮ ಕೆಲಸ ತೋರಿಸಬೇಕಿತ್ತು.

ಮೊದಲ ಕಂಪನಿಯವನು ಕರೀ ಯಂತ್ರವೊಂದನ್ನು ಮೇಜಿನ ಮೇಲಿಟ್ಟ. "ನಿಮಿಷಕ್ಕ ಅರವತ್ತು ಹಾಳಿ ನುಂಗ್ತದ್ರಿ."

ಅಧ್ಯಕ್ಷ ಶಾಂತಕುಮಾರರ ಮುಖ ಅರಳಿತು. "ಅಂದ್ರ ಮೂರು ತಿಂಗಳದಾಗ ಎಲ್ಲಾ ಮುಗೀತು!"

ಪರೀಕ್ಷೆಗೆಂದು ತೆಗೆದಿಟ್ಟ ರದ್ದಿ ಕಾಗದ ತರಲು ಮಸರತ ಕಪಾಟಿನತ್ತ ನಡೆದಳು. ಹಿಂದೆ ಯಂತ್ರ ಗುರ್ರೆಂದಿತು. ತಿರುಗಿ ನೋಡಿದರೆ, ಅಳತೆ ತೋರಿಸಲು ಅವಳು ಬಿಚ್ಚಿಟ್ಟಿದ್ದ ಅಸಲಿ ದಫ್ತರಿನ ಹಾಳೆಯೊಂದನ್ನು ಕಂಪನಿಯವನು ಯಂತ್ರಕ್ಕೆ ಕೊಟ್ಟಿದ್ದ; ಅದು ಅರ್ಧ ಒಳಗೆ ಹೋಗಿತ್ತು.

ಅವಳು ಓಡಿಬಂದು ಪ್ಲಗ್ಗನ್ನೇ ಕಿತ್ತಳು.

"ಏನ್ ಮಾಡಾಕತ್ತೀ, ಮಸರತ? ಬಂದವರ ಮುಂದ!" ಶಾಂತಕುಮಾರ ಗದರಿದರು.

ಅವಳು ಉಸಿರು ಬಿಗಿಹಿಡಿದು, ಹಾಳೆ ಎಳೆಯುವ ರೋಲರನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಾಳೆಯನ್ನು ಹೊರಗೆಳೆದಳು. ಒಂದು ಮೂಲೆ ಒಳಗೇ ಉಳಿಯಿತು. ಅಕ್ಷರಗಳು ಮಾತ್ರ ಬದುಕಿದ್ದವು. ಅವಳು ಹಾಳೆಯನ್ನು ಶಾಂತಕುಮಾರರ ಮುಂದಿಟ್ಟಳು.

"ಇದಕ್ಕ ಎರಡನೇ ಪ್ರತಿ ಇಲ್ರಿ. ರೋಲರ್ ಬ್ಯಾಡ ಅಂತ ಮೊದಲನೇ ಸಾಲಿನಾಗ ಬರದೇನಿ. ನೀವು ಓದೀರೇನ್ರಿ?"

ಶಾಂತಕುಮಾರ ಓದಿರಲಿಲ್ಲ. ಮಸರತ ಕಂಪನಿಯವನತ್ತ ತಿರುಗಿದಳು. "ನಾಳೆ ನಿಮ್ಮ ಕಂಪನಿ ಬಂದಾದ್ರ, ನಮ್ಮ ಹಾಳಿಗಳ ಚಿತ್ರ ನಮಗ ಸಿಗ್ತಾವೇನ್ರಿ?"

"ಅವು... ನಮ್ಮ ಸಾಫ್ಟ್‌ವೇರದಾಗ ಅಷ್ಟೇ ತೆರೀತಾವ್ರಿ," ಎಂದು ಅವನು ನೆಲ ನೋಡಿದ.

ಎರಡನೇ ಕಂಪನಿಯಿಂದ ಬಂದ ಶಮಶಾದ ಮೆತ್ತನೆಯ ತೊಟ್ಟಿಲಿನಂಥ ಹಲಗೆಯಲ್ಲಿ ದಫ್ತರು ಮಲಗಿಸಿ, ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆದಳು. ಯಾವ ಹಾಳೆಯೂ ಮಿಸುಕಲಿಲ್ಲ. ಚಿತ್ರಗಳನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದೆಂದು ತೆರೆದು ತೋರಿಸಿದಳು. "ಆದ್ರ ಸುಳ್ಳ ಹೇಳಂಗಿಲ್ರಿ. ನೀವು ಕೊಟ್ಟ ಒಂದು ವರ್ಷದ ಗಡುವಿನಾಗ ಅರ್ಧ ದಫ್ತರ ಅಷ್ಟೇ ಆಗ್ತದ."

ಶಾಂತಕುಮಾರ ಹರಿದ ಹಾಳೆಯನ್ನು ಎರಡೂ ಕೈಯಿಂದ ಎತ್ತಿ ದಫ್ತರಿನೊಳಗೆ ಮರಳಿಸಿದರು. "ಅರ್ಧಾನ ಆಗ್ಲಿ. ಯಾವ ಅರ್ಧ ಅಂತ ನೀನ ಆರಸು, ಮಸರತ."

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ; ಉಳಿದರ್ಧವನ್ನು ಬಿಡಲೇಬೇಕಿತ್ತು. ಕಪಾಟುಗಳ ನಡುವೆ ಸಂಜೆಯವರೆಗೆ ಓಡಾಡಿದಳು. ಕೊನೆಗೆ ಹುಳು ಹಿಡಿದ ಅಫಜಲಪುರದ ಕಟ್ಟುಗಳನ್ನು ಇಳಿಸಿ, ಮೊದಲು ಚಿತ್ರ ತೆಗೆಯಬೇಕಾದವೆಂದು ಒಂದೊಂದಕ್ಕೂ ಕೆಂಪು ದಾರ ಕಟ್ಟತೊಡಗಿದಳು.