ಕಂಬದೂರಿನ ಏರು

ಹೋದ ವರ್ಷ ಕಂಬದೂರು ದಾಟಿದ ಮೇಲಿನ ಏರಿನಲ್ಲಿ ಸೈಕಲ್ ಬಿಟ್ಟು ವ್ಯಾನ್ ಹತ್ತಿದವರು ನಮ್ಮ ಯಜಮಾನರು, ಉಮಾಶಂಕರ್. ಅದನ್ನು ಮರೆಯಲು ನಾನು ಅವರಿಗೆ ಒಂದು ದಿನವೂ ಬಿಡಲಿಲ್ಲ. ಊಟಕ್ಕೆ ಬಡಿಸುವಾಗ, "ಇನ್ನೊಂದು ಮುದ್ದೆ ಹಾಕ್ಲಾ, ಇಲ್ಲ ವ್ಯಾನ್ ಕರೀಲಾ?" ಎನ್ನುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಸಂಕ್ರಾಂತಿ ರಜೆಯಲ್ಲಿ ಮೂರು ದಿನದ ಸೈಕಲ್ ಯಾತ್ರೆ ನಡೆಸುವವರು ಸೈಕಲ್ ಅಂಗಡಿಯ ಉಗ್ರಪ್ಪ. ಮಕ್ಕಳ ಜೊತೆ ಅಪ್ಪನೋ ಅಮ್ಮನೋ ಬರಬೇಕು. ಜೋಡಿಯಲ್ಲಿ ಒಬ್ಬರು ಆಗದೆ ಹಿಂದೆ ಬರುವ ವ್ಯಾನ್ ಹತ್ತಿದರೆ ಇನ್ನೊಬ್ಬರೂ ಹತ್ತಲೇಬೇಕು. ಅದು ಉಗ್ರಪ್ಪನ ಕಾನೂನು. ಹೋದ ವರ್ಷ ನಮ್ಮ ಹರಿತಾ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು ಮನೆಗೆ ಬಂದಿದ್ದಳು. ಹದಿಮೂರರ ಹುಡುಗಿ, ಎರಡು ದಿನ ಯಾರ ಜೊತೆಗೂ ಮಾತಿಲ್ಲ. "ನನ್ ಕೈಲಿ ಆಗ್ಲಿಲ್ಲ ಕಣೆ" ಎಂದಷ್ಟೇ ಇವರು ಹೇಳಿದ್ದು.

ಈ ವರ್ಷ ನಾನೇ ಹೊರಟೆ. ಅದಕ್ಕೆಂದೇ ನಲವತ್ತೊಂದನೇ ವಯಸ್ಸಿನಲ್ಲಿ, ಬೀದಿಯವರೆಲ್ಲ ನಗುತ್ತಿದ್ದರೂ ಲೆಕ್ಕಿಸದೆ ಸೈಕಲ್ ಕಲಿತೆ. ಮಗಳು ಈ ಸಲ ಮುಗಿಸಬೇಕು. ನನ್ನ ದೆಸೆಯಿಂದಂತೂ ಅವಳು ನಿಲ್ಲಬಾರದು. ನನಗೆ ಬೇಕಾಗಿದ್ದುದು ಇಷ್ಟೇ.

ಮಡಕಶಿರಾ ಮುಟ್ಟಿದೆವು, ಮರುದಿನ ಕಂಬದೂರೂ ಮುಟ್ಟಿದೆವು. ಸೊಂಟ ನನ್ನದಲ್ಲ ಎನ್ನುವ ಹಾಗಾಗಿತ್ತು, ಬಾಯಿ ಬಿಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಅದೇ ಏರು. ಅರ್ಧ ಹತ್ತಿದ್ದೆ. ಚೈನಿನಲ್ಲಿ ಕಟ್ ಎಂದು ಸದ್ದಾಯಿತು. ನನ್ನ ಕಾಲು ನಿಂತಿತು.

ಇಪ್ಪತ್ತು ವರ್ಷ ಮಗ್ಗ ತುಳಿದ ಕಾಲು ಇದು. ಎಳೆ ಕಡಿದ ಸದ್ದು ಕೇಳಿದರೆ ಕಾಲು ಅಲ್ಲೇ ನಿಲ್ಲಬೇಕು. ಇನ್ನೊಂದು ಸಲ ತುಳಿದರೆ ಸೀರೆ ಕೆಟ್ಟಿತು ಎಂದೇ ಲೆಕ್ಕ. ಮಗ್ಗದಲ್ಲಾದರೆ ಅದು ಜಾಣತನ. ಏರಿನಲ್ಲಿ ಸೈಕಲ್ ಮೇಲೆ ಕೂತವಳಿಗೆ ಅದು ಶುದ್ಧ ಪೆದ್ದುತನ. ಸೈಕಲ್ ಸಮೇತ ಜಲ್ಲಿ ಮೇಲೆ ಬಿದ್ದೆ. ಹಿಂದೆ ಬರುತ್ತಿದ್ದ ಹರಿತಾ ಬಂದು ನನ್ನ ಮೇಲೆ ಬಿದ್ದಳು.

ಅವಳ ಮೊಣಕೈ ತರಚಿತ್ತು. ನನ್ನ ಮಂಡಿ ಒಡೆದಿತ್ತು. ವ್ಯಾನ್ ನಿಲ್ಲಿಸಿ ಓಡಿ ಬಂದ ಉಗ್ರಪ್ಪ, ಪರವಾಗಿಲ್ಲ ಹತ್ತಿ ಅಕ್ಕಾ ಎಂದು ತೆಲುಗಿನಲ್ಲೇ ಶುರು ಮಾಡಿದರು. "ಎಕ್ಕಂಡಕ್ಕಾ, ಪರ್ವಾಲೇದು. ರಕ್ತ ನೋಡಿ ಹೆಂಗೆ ಸುರೀತೈತೆ, ವ್ಯಾನ್ ಹತ್ಬುಡಿ."

"ನಿಮ್ಗೆ ಬೇಕಾದ್ರೆ ನೀವು ಹತ್ಕಳಿ. ನಾನು ಹತ್ತಾಕಿಲ್ಲ" ಎಂದೆ. ಮಂಡಿಗೆ ಬಟ್ಟೆ ಬಿಗಿದುಕೊಂಡು ಮತ್ತೆ ಸೈಕಲ್ ಏರಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಕಟ್. ಮತ್ತೆ ಕಾಲು ನಿಂತಿತು. ಈ ಸಲ ಹೇಗೋ ನೆಲಕ್ಕೆ ಕಾಲೂರಿ ಉಳಿದುಕೊಂಡೆ.

"ಯಾಕಮ್ಮ ನಿಲ್ಲಿಸ್ತೀಯ?" ಹರಿತಾ ಅಳುವ ಹಾಗಿದ್ದಳು.

"ನಾನೆಲ್ಲಿ ನಿಲ್ಲಿಸ್ದೆ? ಸದ್ದು ಕೇಳುದ್ರೆ ಕಾಲು ತಾನಾಗೇ ನಿಂತೋಯ್ತದೆ ಕಣಮ್ಮ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. "ಹಂಗಾರೆ ನಾನು ಪಕ್ಕದಲ್ಲೇ ಮಾತಾಡ್ಕಂಡು ಬತ್ತೀನಿ. ನನ್ ಮಾತು ಕೇಳು, ಚೈನ್ ಕಡೆ ಕಿವಿ ಕೊಡ್ಬ್ಯಾಡ."

ಹೊರಟೆವು. ಏಳರ ಮಗ್ಗಿಯನ್ನು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದಳು. ಟೀಚರ್ ಹತ್ತಿರ ಗೆಳತಿ ಮೌನಿಕಾ ಸಿಕ್ಕಿಬಿದ್ದ ಕಥೆ ಹೇಳಿದಳು. ಗೋರಂಟ್ಲದ ನಮ್ಮ ಅತ್ತಿಗೆ ಮೂಗಿನಲ್ಲಿ ಮಾತಾಡುವುದನ್ನು ಆಡಿ ತೋರಿಸಿದಳು. ಚೈನು ತನ್ನ ಪಾಡಿಗೆ ಕಟಕಟ ಎನ್ನುತ್ತಲೇ ಇದ್ದಿರಬೇಕು, ನನ್ನ ಕಾಲು ತುಳಿಯುತ್ತಲೇ ಇತ್ತು. ಆದರೆ ಏರು ಕಡಿದಾದ ಕಡೆಗೆ ಬಂದಾಗ ಅವಳಿಗೆ ಏದುಸಿರು ಬಂದು ಮಾತು ಖಾಲಿಯಾಯಿತು. ನನಗೆ ಮತ್ತೆ ಸದ್ದು ಕೇಳಿಸತೊಡಗಿತು.

"ಮಾತಾಡೇ!" ಎಂದು ಕಿರುಚಿದೆ.

"ಅಮ್ಮ, ಹೋದ್ವರ್ಷ ವ್ಯಾನ್ ಹತ್ತಿದ್ದು ಅಪ್ಪ ಅಲ್ಲ."

ನಾನು ಅವಳತ್ತ ತಿರುಗಿದೆ.

"ಮುಂದೆ ನೋಡಮ್ಮ! ನಾನೇ ಸೈಕಲ್ ಬಿಸಾಕ್ಬುಟ್ಟು ಹತ್ಕಂಡೆ. ಅಪ್ಪ ಅಷ್ಟೊತ್ಗೆ ಮೇಲ್ಗಂಟ ಹೋಗ್ಬುಟ್ಟಿದ್ರು. ನನ್ಗೋಸ್ಕರ ವಾಪಸ್ ಇಳ್ದು ಬಂದ್ರು. ಮನೇಲಿ ಯಾರ್ಗೂ ಹೇಳ್ಬ್ಯಾಡ, ನಾನೇ ಹತ್ತಿದ್ದು ಅಂತ ಹೇಳ್ತೀನಿ ಅಂದ್ರು. ನೀನು ದಿನಾ ಅಪ್ಪನ್ನ ಆಡ್ಕಂಬೋವಾಗ ನಂಗೆ ಮುದ್ದೆ ಗಂಟ್ಲಲ್ಲಿ ಇಳೀತಿರ್ಲಿಲ್ಲ ಅಮ್ಮ."

ಕಾಲು ನಿಲ್ಲಲಿಲ್ಲ. ಚೈನೇ ಕಳಚಿ ಬಿದ್ದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನೆಲ್ಲ ಪೆಡಲ್ ಮೇಲೆ ಹಾಕಿ ತುಳಿದೆ. ಏರು ಮುಗಿದದ್ದು ಹರಿತಾ ಹೇಳಿದ ಮೇಲೇ ತಿಳಿದದ್ದು.

ಮಧ್ಯಾಹ್ನ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಮುಂದೆ ಎಲ್ಲರಿಗಿಂತ ಕೊನೆಯಲ್ಲಿ ಸೈಕಲ್ ಇಳಿದೆವು. ಉಗ್ರಪ್ಪ ಹರಿತಾಳ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಅವಳು ನಕ್ಕ ನಗು ನೋಡಿ ಮಂಡಿ ನೋವು ಅರ್ಧ ಹೋಯಿತು. ಪಕ್ಕಕ್ಕೆ ಹೋಗಿ ಮನೆಗೆ ಫೋನ್ ಮಾಡಿದೆ.

"ಮುಗಿಸಿದ್ಳಾ?" ಇವರ ಮೊದಲ ಮಾತು.

"ಮುಗಿಸಿದ್ಳು. ನಂಗೆ ಎಲ್ಲಾ ಹೇಳಿದ್ಳು ಕಣ್ರೀ. ವರ್ಷವೆಲ್ಲ ಆಡ್ಕಂಡ್ನಲ್ಲ, ಬಾಯ್ಮುಚ್ಚೇ ಅಂತ ಒಂದ್ಸಲನಾದ್ರೂ ಅನ್ಬಾರ್ದಾಗಿತ್ತಾ?"



"ನನ್ನ ಆಡ್ಕಂಡ್ರೆ ಏನಾಯ್ತು ಬುಡು, ಭ್ರಮರಾಂಬ. ನಿನ್ ಬಾಯಿಗೆ ಅವಳು ಸಿಕ್ಕಿದ್ರೆ ಈ ವರ್ಷ ಸೈಕಲ್ ಮುಟ್ತಿದ್ಳಾ?"

ಜನರೆಲ್ಲ ನೋಡುತ್ತಿದ್ದಂತೆಯೇ ನಾನು ಅತ್ತುಬಿಟ್ಟೆ.