ಮೊದಲ ಸೀರೆ ಹೊದ್ದ ಪೆಟ್ಟಿಗೆ

ಫ್ಯಾನಿನ ಗಾಳಿ ಈ ಕಡೆಗೆ ಬರುವುದೇ ಇಲ್ಲ, ಎಲ್ಲ ಅದರ ಮೇಲೆಯೇ, ಅಂಗೈಯಗಲದ ಆ ಕಂಪ್ಯೂಟರ್ ಡಿಸ್ಕಿನ ಮೇಲೆ, ಎರಡು ಮರದ ಪಟ್ಟಿಯ ಮೇಲೆ ಅದನ್ನು ಮಲಗಿಸಿದ್ದಾರೆ ರಿಪೇರಿಯ ಅಮಸಿದ್ದಪ್ಪ, ಕೆಳಗೂ ಗಾಳಿ ಆಡಲಿ ಎಂದು, ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ, ಇಳಿಯಲಿ, ಏಪ್ರಿಲ್ಲಿನ ಜಮಖಂಡಿ, ಮಧ್ಯಾಹ್ನ ಹನ್ನೆರಡು, ಮೇಲೆ ತಗಡಿನ ಚಾವಣಿಯ ಅಂಗಡಿ, ಸೆಕೆಗೆ ನಾನೇನು ಸಾಯುವುದಿಲ್ಲ, ಅದು ಸಾಯುತ್ತದೆ. ಮುಟ್ಟಿ ನೋಡ್ರಿ ಅಕ್ಕಾರ, ಅಂದರು, ಮುಟ್ಟಿದೆ, ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿದ ಹಾಗೆ, ಸುಡುತ್ತಿತ್ತು. ಒದ್ದಿ ಅರಬಿ ಹಾಕೂನೇನ್ರಿ ಅಂತ ಕೇಳಿಬಿಟ್ಟೆ, ನೇಕಾರರ ಮನೆಯ ಸೊಸೆಗೆ ಎಲ್ಲದಕ್ಕೂ ಬಟ್ಟೆಯೇ ಔಷಧ — ಏ ಬ್ಯಾಡ್ರಿ, ನೀರ ತಾಗಿದ್ರ ಮುಗದ ಹೋತು, ಇದಕ್ಕ ಗಾಳಿ ಸಾಕು, ಇಷ್ಟ ದಿನಾ ಅದ ಸಿಕ್ಕಿಲ್ಲ ಪಾಪ. ಪಾಪ ಎಂದರು, ಡಿಸ್ಕಿಗೆ. ನನ್ನ ಕಡೆ ನೋಡಲಿಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು.

ಬನಹಟ್ಟಿಯಿಂದ ಬಸ್ಸಿನಲ್ಲಿ ಇಡೀ ಪೆಟ್ಟಿಗೆಯನ್ನೇ ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಪಕ್ಕದಾಕೆ ಟೀವಿ ಏನ ಬೇ ಅಂದಳು, ಹೂಂ ಅಂದೆ, ಯಾರಿಗೆ ಬಿಡಿಸಿ ಹೇಳುತ್ತ ಕೂರುವುದು, ಇದರೊಳಗೆ ನಮ್ಮ ಅತ್ತೆ ಇದ್ದಾರೆ ಎಂದರೆ ಸರಿದು ಕೂರುತ್ತಿದ್ದಳು. ಇಲ್ಲಿ ಅಮಸಿದ್ದಪ್ಪ ತಿರುಪು ಬಿಚ್ಚಿ ಮುಚ್ಚಳ ತೆಗೆದಾಗ ಕಂಡದ್ದು ಹತ್ತಿ, ಬರೀ ಹತ್ತಿಯ ಧೂಳು, ಒಂದು ದಿಂಬಿಗೆ ತುಂಬುವಷ್ಟು, ಒಳಗಿನ ಫ್ಯಾನಿನ ರೆಕ್ಕೆ ತಿರುಗಲಾರದಷ್ಟು. ಮನೆಯಲ್ಲಿ ಇದರ ಪಕ್ಕದ ಖೋಲಿಯಲ್ಲೇ ನಾಲ್ಕು ಪಾವರ್‌ಲೂಮು ಬಡಿಯುತ್ತಿದ್ದರೆ ಇನ್ನೇನಾದೀತು. ಆದರೆ ಧೂಳು ಅಷ್ಟೇ ಅಲ್ಲರೀ ಅಕ್ಕಾರ, ಇದರ ಮ್ಯಾಲ ಏನರ ಹೊಚ್ಚಿದ್ರೇನು, ಬಿಸಿ ಹೊರಗ ಹೋಗೇ ಇಲ್ಲ, ಅಂದರು. ಹೊಚ್ಚಿದ್ದೆವು. ಸೀರೆ. ದಸರೆಯ ಖಂಡೇಪೂಜೆಯ ದಿನ ಹೊಸ ನೂಲಿನ ಹಾಸಿನಿಂದ ಇಳಿದ ಮೊದಲ ಸೀರೆಯನ್ನು ಮಗ್ಗಕ್ಕೆ ಹೊದಿಸುವುದು ನಮ್ಮ ಮನೆಯ ಪದ್ಧತಿ, ಐದನೆಯ ದಿನ ತೆಗೆದು ಮನೆಯ ಹೆಣ್ಣುಮಗಳಿಗೆ ಉಡಿಸುವುದು, ಕಳೆದ ವರ್ಷ ಅತ್ತೆ ಮಗ್ಗವನ್ನು ಬಿಟ್ಟು ಸೀದಾ ಕಂಪ್ಯೂಟರಿನ ಹತ್ತಿರ ಬಂದರು, ಇದೂ ಮಗ್ಗನ ಅಲ್ಲನ ಬೇ, ಡಿಸೈನ ಎಲ್ಲಾ ಇದರಾಗ ಹುಟ್ಟತಾವು, ಇದಕ್ಕೂ ಉಡಸಬೇಕು. ಕುಂಕುಮ ಹಚ್ಚಿ, ನಾಲ್ಕು ಮಡಿಕೆ ಮಾಡಿ, ಜಾರದಿರಲಿ ಎಂದು ಹಿಂದೆ ಗಂಟು ಹಾಕಿದರು, ಸರಿಯಾಗಿ ಅದು ಬಿಸಿಯುಸಿರು ಬಿಡುವ ಜಾಗದಲ್ಲಿ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಮಗ್ಗದ ಖೋಲಿಯಲ್ಲಿ ಬಿದ್ದರು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು, ಈಗ ಬಾಯಲ್ಲಿ ಉಳಿದಿರುವುದು ಹಾಂ ಒಂದೇ, ಹೌದಕ್ಕೂ ಹಾಂ, ಅಲ್ಲಕ್ಕೂ ಹಾಂ. ಐದನೆಯ ದಿನ ಸೀರೆ ತೆಗೆಯಲು ಹೋದವಳು ಗಂಟು ನೋಡುತ್ತ ನಿಂತೆ, ಆ ಬಲಗೈ ಕಟ್ಟಿದ ಕೊನೆಯ ಗಂಟು, ಬಿಚ್ಚಲು ನನ್ನ ಕೈ ಬರಲಿಲ್ಲ, ನಾಳೆ ಅಂದುಕೊಂಡೆ, ಆರು ತಿಂಗಳು ನಾಳೆ ಅಂದುಕೊಂಡೆ. ಸೀರೆ ಹೊದ್ದ ಹಾಗೆಯೇ ಅದರಲ್ಲಿ ದಿನವೂ ಕೆಲಸ ಮಾಡಿದೆ.

ಅತ್ತೆ ಶಿವವ್ವ ಎಂದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ದಡಿಯ ಶಿವವ್ವ, ಸೀರೆಯಂಚಿನ ನೂರಾ ಹನ್ನೆರಡು ದಡಿಗಳ ಎಣಿಕೆ ಬಾಯಲ್ಲೇ ಇತ್ತು, ಒಂದೂ ಕಾಗದದ ಮೇಲೆ ಇಲ್ಲ, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು, ಅವರ ಅವ್ವ ಹೇಳಿದ್ದು, ಅವಳಿಗೆ ಅವಳ ಅತ್ತೆ ಹೇಳಿದ್ದು. ನಾನೇ ಹಟ ಹಿಡಿದೆ, ಫೋನು ಹಿಡಿದು ಎದುರು ಕೂತು ಒಂದೊಂದನ್ನೇ ಹೇಳಿಸಿಕೊಂಡೆ, ಫೋನು ತುಂಬಿದಾಗ ಕಂಪ್ಯೂಟರಿಗೆ ಹಾಕಿ ಫೋನಿನದನ್ನು ಅಳಿಸಿದೆ. ಇನ್ನೊಂದ ಕಾಪಿ ಎಲ್ಲೈತ್ರಿ, ಕೇಳಿದರು ಅಮಸಿದ್ದಪ್ಪ. ಐತ್ರಿ, ಭದ್ರ ಅಂತ ಬ್ಯಾರೆ ಫೋಲ್ಡರ್ ಮಾಡೀನಿ. ಎಲ್ಲಿ. ಅದರಾಗ. ಅವರು ಕನ್ನಡಕ ತೆಗೆದು ಒರೆಸಿದರು. ಭದ್ರ! ಅಷ್ಟು ದೊಡ್ಡ ಹೆಸರಿಟ್ಟು ಮುಳುಗುವ ದೋಣಿಯಲ್ಲೇ ಇನ್ನೊಂದು ಮೂಲೆಗೆ ಸರಿಸಿಟ್ಟವಳು ನಾನು, ಡಿಪ್ಲೊಮಾ ಮಾಡಿದವಳು, ಓಣಿಯವರೆಲ್ಲ ಕಂಪ್ಯೂಟರ್ ಉಜ್ವಲಾ ಅನ್ನುವವಳು, ನಾಚಿಕೆಯಾಗಬೇಕು.

ಡಿಸ್ಕು ತಣ್ಣಗಾಯಿತು, ತಂತಿ ಸಿಕ್ಕಿಸಿದರು, ಗುರ್ ಎಂದಿತು. ಅಕ್ಕಾರ, ಇದು ಎಷ್ಟೊತ್ತ ತಡೀತೈತೋ ಗೊತ್ತಿಲ್ಲ, ಕಾಯ್ತಂದ್ರ ನಿಲ್ಲತೈತಿ, ಮದಲ ಯಾವುದು ಬೇಕು ಒಂದ ಹೇಳ್ರಿ. ಗಂಡನಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದು, ಡಿಸೈನ ತಗೀ ಮದಲ, ಗುರುವಾರ ಮಗ್ಗದ ಕಾರ್ಡಿಗೆ ತೂತ ಹೊಡೀಬೇಕು, ಇಲ್ಲಂದ್ರ ನಾಕೂ ಮಗ್ಗ ನಿಲ್ಲತಾವು, ಅವ್ವಂದು — ಅವ್ವಂದು ಆಮ್ಯಾಲ ನೋಡೂನು. ತಪ್ಪಲ್ಲ ಪರಮಾನಂದ ಹೇಳಿದ್ದು, ಅವರ ಅವ್ವ, ನನಗಿಂತ ಅವರಿಗೇ ಹೆಚ್ಚು ನೋವು. ಹೂಂ ಅಂದು ಫೋನು ಇಟ್ಟೆ, ಅಮಸಿದ್ದಪ್ಪನವರ ಕಡೆ ತಿರುಗಿ ಅತ್ತಿ ಅಂತ ಐತಿ ನೋಡ್ರಿ, ಆ ಫೋಲ್ಡರ್ ಅಂದೆ. ಗಂಡನ ಮಾತು ಮೀರಿದೆ. ಎಣಿಕೆ ಇದ್ದರೆ ಡಿಸೈನು ಮತ್ತೆ ಕೂಡಿಸಬಹುದು ಎಂದು ಮನೆಯಲ್ಲಿ ಹೇಳುತ್ತೇನೆ, ಅದು ಖರೆಯೂ ಹೌದು, ಆದರೆ ಖರೆಯೆಂದರೆ ನನಗೆ ಆ ದನಿ ಬೇಕಾಗಿತ್ತು, ಅಷ್ಟೇ. ಪರದೆಯ ಮೇಲೆ ಹಸಿರು ಪಟ್ಟಿ ತೆವಳಿತು, ನಿಂತಿತು, ಮತ್ತೆ ತಣ್ಣಗಾಗಿಸಿದರು, ಮತ್ತೆ ತೆವಳಿತು, ಹತ್ತು, ಇಪ್ಪತ್ತು, ಮೂವತ್ತೊಂದು, ಆಮೇಲೆ ಒಳಗೆ ಟಿಕ್ ಟಿಕ್ ಎಂದು ಉಗುರಿನಿಂದ ಬಡಿದ ಹಾಗೆ ಸದ್ದು, ಆಮೇಲೆ ಅದೂ ಇಲ್ಲ. ಆತ್ರಿ, ಅಂದರು ಮೆಲ್ಲಗೆ, ಇನ್ನ ಬರಂಗಿಲ್ಲ. ನೂರಾ ಹನ್ನೆರಡರಲ್ಲಿ ಮೂವತ್ತೊಂದು. ಡಿಸೈನು ಒಂದೂ ಇಲ್ಲ.

ಬಂದದ್ದರ ಸರಿ ಅದಾವಿಲ್ಲೋ ನೋಡೂನು ಎಂದು ಯಾವುದೋ ಒಂದನ್ನು ಒತ್ತಿದರು, ಅತ್ತೆ ಅಂಗಡಿಯ ತುಂಬ ಎದ್ದು ನಿಂತರು, ಎರಡ ಎತ್ತ, ಒಂದ ಬಿಡ, ಎರಡ ಎತ್ತ, ಮೂರ ಬಿಡ, ನನಗೆ ಕಣ್ಣು ಕಾಣಲಿಲ್ಲ, ಎಂಥ ಗಟ್ಟಿ ದನಿ, ಆರು ತಿಂಗಳಾಗಿತ್ತು ಕೇಳಿ, ಎರಡ ಎತ್ತ, ಒಂದ ಬಿಡ, ಅಲ್ಲಿಗೆ ತಟ್ಟನೆ ನಿಂತು, ಏ ಯವ್ವಾ ಉಜ್ವಲಾ, ಎಲ್ಲಾ ಆ ಡಬ್ಬಿಗೇ ಹೇಳಸ್ತಿ, ನಿನ್ನ ಕೈಯಿಗೆ ಯಾವಾಗ ಹೇಳಸ್ತಿ, ಬಾ ಇಲ್ಲಿ, ನನ್ನ ಬೆರಳಿನ ಮ್ಯಾಲ ಬೆರಳ ಇಡು, ಆಮೇಲೆ ಒಂದು ನಗು, ನನ್ನದೇ, ತಡೀರಿ ಅತ್ತಿ, ಇದೊಂದ ಸೇವ್ ಮಾಡ್ತೇನಿ. ಮುಗಿಯಿತು. ತಡೀರಿ ಅಂದೆ, ತಡೆದರು, ಎಷ್ಟು ವರ್ಷ ತಡೆದರು, ಒಂದು ದಿನವೂ ಹೋಗಿ ಬೆರಳ ಮೇಲೆ ಬೆರಳಿಡಲಿಲ್ಲ ನಾನು. ಚಹಾ ತರಸ್ಲ್ಯಾ ಅಕ್ಕಾರ ಅನ್ನುತ್ತಿದ್ದಾರೆ, ಬೇಡ, ಇನ್ನೊಮ್ಮೆ ಹಚ್ಚಿ, ಎರಡ ಎತ್ತ, ಒಂದ ಬಿಡ — ತಾಳು, ಇದನ್ನು ನಾನು ನೋಡಿದ್ದೇನೆ, ಕೇಳಿದ್ದಲ್ಲ, ನೋಡಿದ್ದು, ಇವತ್ತು ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ಗಡಿಬಿಡಿಯಲ್ಲಿ ಅಂಬಲಿ ಕುಡಿಸುವಾಗ, ಅತ್ತೆಯ ಎಡಗೈ ಚಾದರದ ಅಂಚಿನ ಮೇಲೆ, ಎರಡು ಬೆರಳು ಎದ್ದವು, ಒಂದು ತಗ್ಗಿತು, ಎರಡು ಎದ್ದವು, ಮೂರು ತಗ್ಗಿದವು, ರೋಗದ ಅದುರು ಅಂದುಕೊಂಡಿದ್ದೆವು ಎಲ್ಲರೂ, ಸುಮ್ಮನಿರ್ರಿ ಅತ್ತಿ, ಚಾದರ ಹರದೀತು, ಅಂದೆ, ಅವರು ನನ್ನ ಮುಖ ನೋಡಿ ಹಾಂ ಅಂದರು, ಹಾಂ, ಹಾಂ, ನಾನು ಆ ಕೈಯನ್ನು ಒಳಗೆ ಸೇರಿಸಿ, ಚಾದರ ಎಳೆದು, ಗಾಳಿಯಾಡದ ಹಾಗೆ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಬಂದೆ, ಬಾಗಿಲಲ್ಲಿ ತಿರುಗಿ ನೋಡಿದಾಗ ಚಾದರದ ಕೆಳಗೆ ಎರಡು ಎದ್ದವು, ಒಂದು ತಗ್ಗಿತು, ಎರಡು ಎದ್ದವು, ಚಾದರದ ಕೆಳಗೆ ಎರಡು —